ಅತ್ತೆಯ ನಾಯಿಯ ಉಣ್ಣಿಗಳು

ಮುಡಬಿಯಲ್ಲಿರುವ ನನ್ನ ಸೋದರತ್ತೆ ಉಣ್ಣಿ ಕಂಡರೆ ಬಿಡುವವಳಲ್ಲ. ಉಗುರಿನಿಂದ ಕಿತ್ತು ಕಲ್ಲಿನ ಮೇಲಿಟ್ಟು ಅರೆದೇ ಬಿಡುತ್ತಾಳೆ. ಅವಳ ನಾಯಿಗೆ ಮನೆ ಬಿಡುವ ಗಂಡಾಂತರ ಬಂದಾಗ ನನಗೆ ತೊಡಕಾದದ್ದು ಈ ಅಭ್ಯಾಸವೇ.

ಆ ಸಲ ಕುರಿಮರಿಗಳ ಕಿವಿ ತುಂಬ ಉಣ್ಣಿಗಳಾಗಿದ್ದವು. ನಾಯಿ ರಾತ್ರಿಯೆಲ್ಲ ಕುರಿಗಳ ನಡುವೆಯೇ ಮಲಗುತ್ತಿತ್ತು. ಹಾಗಾಗಿ ಅತ್ತೆಯ ಮಗ ತಪ್ಪನ್ನು ಅದರ ಮೇಲೆಯೇ ಹೊರಿಸಿದ.

"ಯವ್ವಾ, ಇದನ್ನ ಹುಲಸೂರ ಬೀಗರ ಮನಿಗಿ ಕಳಸ್ತೀನಿ."

"ನನ್ನೂ ಕಳಸು. ಜೋಡೀಲೆ ಹೋಗ್ತೀವಿ," ಎಂದಳು ಅತ್ತೆ.

ಉಣ್ಣಿಗಳ ಜಾತಿ ಪತ್ತೆ ಮಾಡುವುದು ಪ್ರಯೋಗಾಲಯದಲ್ಲಿ ನನ್ನ ಕೆಲಸ. ನಾಯಿಯದೂ ಮರಿಗಳದೂ ಬೇರೆ ಬೇರೆ ಜಾತಿಯಾದರೆ ನಾಯಿ ಇಲ್ಲೇ ಇರಲಿ ಎಂದೆ. ಅವನು ಒಪ್ಪಿದ. ಸ್ಪಿರಿಟ್ ತುಂಬಿದ ಎರಡು ಶೀಶೆ ಕೊಟ್ಟೆ. ಗುರುತಿಗೆ ನಾಯಿಯದಕ್ಕೆ ಕರಿ ದಾರ, ಮರಿಗಳದಕ್ಕೆ ಬಿಳಿ ಕಟ್ಟಿದ್ದೆ. ಉಣ್ಣಿಗಳನ್ನು ಇಡಿಯಾಗಿ ಹಾಕಬೇಕೆಂದು ಅತ್ತೆಗೆ ಹೇಳಿದೆ.

ಮುಂದಿನ ಸಲ ಹೋದಾಗ ಶೀಶೆಗಳಲ್ಲಿ ಜಜ್ಜಿದ ಸಿಪ್ಪೆ, ಕಾಲು.

"ಅತ್ತಿ, ಇಡೀ ಹಾಕು ಅಂದಿದ್ದೆ."

"ಹಾಕೀನಲ್ಲೋ, ಕೊಂದು ಹಾಕೀನಿ. ಜೀವಂತ ಹಾಕಿದ್ರ ನಿನ್ನ ಬಾಟ್ಲಿದಾಗ ಸಂಸಾರ ಹೂಡ್ತಿದ್ವು!"

ಬಾಯಿ, ಬೆನ್ನಿನ ಆಕಾರ ಉಳಿಯದಿದ್ದರೆ ಸೂಕ್ಷ್ಮದರ್ಶಕದಿಂದ ಪ್ರಯೋಜನವಿಲ್ಲ. ಆದರೆ ಜೀವಕೋಶದಲ್ಲಿ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಗಳಿಗೆ ತಮ್ಮದೇ ಡಿಎನ್‌ಎ ಇರುತ್ತದೆ. ಅದರ ಬರಹ ಜಾತಿಯಿಂದ ಜಾತಿಗೆ ಬೇರೆ. ಒಂದೊಂದು ಕೋಶದಲ್ಲೂ ಅದರ ಪ್ರತಿಗಳು ಬಹಳ ಇರುವುದರಿಂದ ಒಂದು ಕಾಲು ಸಿಕ್ಕರೂ ಕೆಲಸವಾಗುತ್ತದೆ. ಉಣ್ಣಿಯ ಹೊಟ್ಟೆಯಲ್ಲಿ ಅದು ಹೀರಿದ ರಕ್ತವೂ ಬೆರೆತಿರುತ್ತದೆ, ಆದ್ದರಿಂದ ಕಾಲೇ ವಾಸಿ. ಶೀಶೆಗಳನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಪ್ರಯೋಗಾಲಯಕ್ಕೆ ಹೊರಟು ಹುಮನಾಬಾದಿನಲ್ಲಿ ಬಸ್ಸು ಬದಲಿಸಿದೆ.

ಫಲಿತಾಂಶ ಬಂತು. ಮರಿಗಳ ಉಣ್ಣಿ ಒಂದು ಜಾತಿ, ನಾಯಿಯ ಉಣ್ಣಿ ಇನ್ನೊಂದು. ಆದರೆ ನಾಯಿಯ ಶೀಶೆಯ ಒಂದು ಕಾಲು ಮಾತ್ರ ಮರಿಗಳ ಉಣ್ಣಿಯ ಜಾತಿಯದು. ದಾರ ಅದಲುಬದಲಾಗಿತ್ತೇ? ಕಟ್ಟಿದ್ದು ನನಗೆ ಚೆನ್ನಾಗಿ ನೆನಪಿತ್ತು. ಅಷ್ಟು ಚೆನ್ನಾಗಿ ನೆನಪಿರುವುದರ ಮೇಲೆಯೇ ನನಗೆ ಗುಮಾನಿ. ಮತ್ತೆ ಹೋಗಿ ನಾನೇ ಉಣ್ಣಿಗಳನ್ನು ಕಿತ್ತು ತಂದೆ. ಈ ಸಲವೂ ನಾಯಿಯ ಮೈಮೇಲೆ ಮರಿಗಳ ಜಾತಿಯದು ಒಂದು ಸಿಕ್ಕಿತು. ಮುಚ್ಚಿಡುವ ಹಾಗಿರಲಿಲ್ಲ, ಮುಡಬಿಗೆ ಹೋಗಿ ಇಬ್ಬರಿಗೂ ಹೇಳಿದೆ.

"ನೋಡು, ನಾ ಅಂದಿದ್ದಿಲ್ಲಾ?" ಎಂದ ಅತ್ತೆಯ ಮಗ.

ಅತ್ತೆ ನನ್ನತ್ತ ತಿರುಗಿದಳು. "ನಾಯಿ ಉಣ್ಣಿ ಮರಿಗೊಳ ಮ್ಯಾಲ ಸಿಕ್ಕಾವೇನು?"

"ಒಂದೂ ಇಲ್ಲ."

"ಮತ್ತ? ಕುರಿಗೊಳೇ ನನ್ನ ನಾಯಿಗಿ ಹಚ್ಯಾವ. ಕುರಿಗೊಳನ್ನ ಕಳಸು ಹುಲಸೂರಿಗಿ!"

ಯಾರಿಂದ ಯಾರಿಗೆ ಹತ್ತಿತು ಎಂಬುದು ಆ ಪರೀಕ್ಷೆಯಿಂದ ತಿಳಿಯದು, ಇಬ್ಬರಿಗೂ ಹುಲ್ಲಿನಿಂದಲೇ ಹತ್ತಿರಬಹುದು ಎಂದು ವಿವರಿಸತೊಡಗಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಅತ್ತೆಯ ಮಗ ನಗುತ್ತ ಕುಳಿತಿದ್ದ. ಕುರಿಗಳನ್ನು ಕಳಿಸುವ ಆ ತಮಾಷೆಯ ಮಾತು ಆಡಿದ್ದು ತಾನೇ ಎಂದು ಈಗ ಅವನು ವಾದಿಸುತ್ತಾನೆ. ನನ್ನ ಕಿವಿಯಲ್ಲಿರುವುದು ಅತ್ತೆಯ ದನಿ. ಆಣೆ ಮಾಡಿ ಹೇಳಲಾರೆ.

ನಾಯಿಯನ್ನು ಕಳಿಸುವ ಮಾತು ಅಲ್ಲಿಗೇ ಬಿತ್ತು. ಪಶುವೈದ್ಯರನ್ನು ಕೇಳಿ ಕುರಿಗಳ ಜೊತೆ ನಾಯಿಗೂ ಔಷಧಿ ಮಾಡಿದೆವು. ಅತ್ತೆ ಅದರ ಮೂತಿ ಹಿಡಿದಳು, ಮಗ ಔಷಧಿಯ ನೀರು ಸುರಿದ. ನಾಯಿ ಒಮ್ಮೆ ಮೈ ಕೊಡವಿ ಮೂವರನ್ನೂ ತೋಯಿಸಿತು.

"ಹರಾಮಿ!" ಎಂದು ಬೈಯುತ್ತಲೇ ಅತ್ತೆಯ ಮಗ ತನ್ನ ಹೆಗಲ ಮೇಲಿನ ಟವೆಲ್ ತೆಗೆದು ಅದರ ಮೈ ಒರೆಸಿದ.