ಅತ್ತೆಯ ಫ್ರಿಜ್ಜಿನಲ್ಲಿ ಪ್ರತಿಕಾಯ

ಚರ್ಮಕ್ಕೆ ಕಪ್ಪು ಬರುವುದು ಒಂದು ಕಿಣ್ವದಿಂದ. ಅದನ್ನು ಚರ್ಮದ ತುಣುಕಿನಲ್ಲಿ ಹುಡುಕಿ ಅಂಟಿಕೊಳ್ಳುವ ಪ್ರತಿಕಾಯವನ್ನು, ಅಂದರೆ ಆಂಟಿಬಾಡಿಯನ್ನು, ಮೊಲದ ರಕ್ತದಿಂದ ತೆಗೆಯುವುದರಲ್ಲೇ ನನ್ನ ಎಂಬತ್ತರ ದಶಕದ ಕೊನೆಯ ವರ್ಷಗಳು ಬೆಂಗಳೂರಿನ ಪ್ರಯೋಗಾಲಯದಲ್ಲಿ ಕಳೆದವು. ಮನೆಯವರ ಲೆಕ್ಕದಲ್ಲಿ ನನ್ನದು ಮೊಲ ಸಾಕುವ ಕೆಲಸ.

ಇನ್ನೇನು ನನ್ನ ಮದುವೆ ಹತ್ತಿರ ಬಂತು ಅನ್ನುವಾಗ ಪ್ರಯೋಗಾಲಯದ ಫ್ರಿಜ್ ಕೆಟ್ಟಿತು. ಪ್ರತಿಕಾಯದ ಸೀಸೆ ಬಿಸಿಯಾದರೆ ಪಟ್ಟ ಪಾಡೆಲ್ಲ ನೀರುಪಾಲು. ಐಸು ತುಂಬಿದ ಫ್ಲಾಸ್ಕಿನಲ್ಲಿ ಅದನ್ನಿಟ್ಟುಕೊಂಡು ಊರಿನ ರೈಲು ಹತ್ತಿದೆ. ಬಂಗಾರಪೇಟೆ ಪಕ್ಕದ ನಮ್ಮ ಹಳ್ಳಿ ಮನೆಯಲ್ಲಿ ಹಸುಗಳಿದ್ದವು, ಫ್ರಿಜ್ ಇರಲಿಲ್ಲ. ಅದಿದ್ದದ್ದು ಚಿನ್ನದ ಗಣಿಯ ಪಕ್ಕದ ಆಂಡರ್ಸನ್‌ಪೇಟೆಯಲ್ಲಿ ಸೋಡಾ, ಕಲರ್ ಮಾರುತ್ತಿದ್ದ ನನ್ನ ಸೋದರತ್ತೆಯ ಅಂಗಡಿಯಲ್ಲಿ.

ಅತ್ತೆಯ ಎರಡೂ ಕೈಗೆ ತೊನ್ನು. ಬಾಯಿಗೇನೂ ಕೊರತೆಯಿರಲಿಲ್ಲ, ಗಿರಾಕಿ ಯಾವ ಭಾಷೆಯಲ್ಲಿ ಚೌಕಾಸಿ ಮಾಡಿದರೆ ಆ ಭಾಷೆಯಲ್ಲೇ ಬೈಯುತ್ತಿದ್ದರು. ನಮ್ಮಲ್ಲಿ ಮದುಮಗಳಿಗೆ ಮೊದಲ ಅರಿಶಿನ ಹಚ್ಚಬೇಕಾದವರು ಸೋದರತ್ತೆ. ಅಕ್ಕನ ಮದುವೆಯಲ್ಲಿ ಮಾತ್ರ ಹಿರಿಯರು ಅವರನ್ನು ಉಗ್ರಾಣಕ್ಕೆ ಕಳಿಸಿ ಬೇರೆಯವರಿಂದ ಹಚ್ಚಿಸಿದ್ದರು. "ಉಗ್ರಾಣಾನೂ ಯಾರಾನ ನೋಡ್ಕಬೇಕಲ್ಲ" ಅಂತ ಅತ್ತೆಯೇ ನಮಗೆ ಸಮಾಧಾನ ಹೇಳಿದ್ದರು.

"ಏನೇ ಇದು?" ಅಂದರು ಸೀಸೆ ನೋಡಿ.

"ಚರ್ಮದ ಕಪ್ಪಿಗೆ ಸಂಬಂಧಪಟ್ಟದ್ದು ಅತ್ತೆ. ತಣ್ಣಗಿರಬೇಕು, ಅಷ್ಟೇ."

ಅತ್ತೆ ಸೀಸೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣಿಗೊತ್ತಿಕೊಂಡು ಫ್ರಿಜ್ಜಿನೊಳಗಿಟ್ಟರು. ನಾನು ಅದಕ್ಕೆ ಅರ್ಥ ಹುಡುಕದೆ ಊರಿಗೆ ಹೊರಟೆ.

ಮಾರನೆಯ ದಿನ ಬಂದು ಫ್ರಿಜ್ ತೆಗೆದರೆ ಬರೀ ಕಲರ್ ಬಾಟಲಿಗಳು. ಸೀಸೆ ದೇವರ ಗೂಡಿನಲ್ಲಿತ್ತು. ಮೈಗೆ ಕುಂಕುಮ, ತಲೆಗೆ ಹೂವು, ಪಕ್ಕದಲ್ಲಿ ಉರಿಯುವ ದೀಪ! ಯಾವ ಮದ್ದನ್ನೂ ಒಮ್ಮೆ ದೇವರ ಮುಂದಿಡದೆ ಮುಟ್ಟುವ ಪದ್ಧತಿ ನಮ್ಮ ಮನೆಗಳಲ್ಲಿಲ್ಲ.

"ನಿನ್ ಮದ್ವೆ ಒಳಗೆ ವಾಸಿ ಆಯ್ತದಲ್ವೇನೇ?" ಅಂದರು ಅತ್ತೆ.

ನನಗೆ ಪಿತ್ತ ನೆತ್ತಿಗೇರಿತ್ತು. "ಅದು ಮದ್ದಲ್ಲ ಅತ್ತೆ! ಮೊಲದ ರಕ್ತದಿಂದ ತೆಗೆದಿದ್ದು!"

"ಅಯ್ಯೋ, ಶುಕ್ರವಾರದ ದಿನ!" ಅಂತ ಅತ್ತೆ ಕೆನ್ನೆ ಕೆನ್ನೆ ಬಡಿದುಕೊಂಡು ಸೀಸೆ ಎತ್ತಿ ನನ್ನ ಕೈಗಿಟ್ಟರು. ಆಮೇಲೆ ಮೆಲ್ಲಗೆ, "ಮದ್ದಲ್ಲ ಅಂದ್ರೆ ಮತ್ತೇನಕ್ಕೆ?" ಅಂದರು.

"ಚರ್ಮದ ಚೂರಿಗೆ ಹಾಕಿದರೆ ಕಪ್ಪು ಮಾಡೋ ಕಿಣ್ವ ಎಲ್ಲಿದೆ, ಎಲ್ಲಿಲ್ಲ ಅಂತ ತೋರಿಸುತ್ತೆ."

ಅತ್ತೆ ತಮ್ಮ ಕೈ ನೋಡಿಕೊಂಡರು. "ಎಲ್ಲಿಲ್ಲ ಅನ್ನದು ಊರಿಗೆಲ್ಲ ಕಾಣ್ತದಲ್ಲೇ. ಅದುಕ್ಕೆ ಮೊಲ ಯಾಕೆ ಬೇಕು?"

ನನಗೆ ನಗು ಬಂತು, ಅದರ ಹಿಂದೆಯೇ ಅಳು. ಸೀಸೆಯನ್ನು ಮತ್ತೆ ಫ್ರಿಜ್ಜಿನೊಳಗಿಟ್ಟೆ. ಪ್ರತಿಕಾಯಕ್ಕೇನೂ ಆಗಿರಲಿಲ್ಲ, ಆಮೇಲೂ ಚೆನ್ನಾಗಿಯೇ ಕೆಲಸ ಮಾಡಿತು. ಅತ್ತೆಯ ಆಸೆಗೇ ಏಟು ಬಿದ್ದದ್ದು.

ಅರಿಶಿನದ ದಿನ ಹಿರಿಯರು ಮತ್ತೆ ಉಗ್ರಾಣದ ಮಾತೆತ್ತಿದರು. ನಾನು ಮಣೆಯ ಮೇಲೆ ಕೂತು ಮುಖವನ್ನು ಮಂಡಿಯೊಳಗೆ ಹುದುಗಿಸಿ, ಅತ್ತೆ ಬರುವ ತನಕ ಎತ್ತುವುದಿಲ್ಲ ಅಂದೆ. ಗದರಿದರು, ಪುಸಲಾಯಿಸಿದರು, ನಾನು ಜಗ್ಗಲಿಲ್ಲ. ಕೊನೆಗೆ ಅತ್ತೆಯನ್ನು ಕರೆತಂದರು. ಅತ್ತೆ ಎದುರಿಗೆ ಕೂತು ನನ್ನ ಕೆನ್ನೆ ಉರಿಯುವ ಹಾಗೆ ಅರಿಶಿನ ತಿಕ್ಕಿದರು.

"ಸಾಕತ್ತೆ, ಚರ್ಮ ಕಿತ್ತು ಬರ್ತದೆ!"

"ಬರ್ಲಿ ಬುಡೇ. ನಿನ್ ಮೊಲದ ಸೀಸೆಗೆ ಬೇಕಾಗಿದ್ದೂ ಅದೇ ತಾನೆ?"

ಅವರ ಕಣ್ಣು ತುಂಬಿತ್ತು. ಅರಿಶಿನದ ಘಾಟಿಗೆ ಅಂತ ಆಮೇಲೆ ಸಾಧಿಸಿದರು.