ಜ್ವರದ ಚೀಟಿ ಬರೆದ ಹೆಡ್‌ಮಾಸ್ಟರು

ಸಿಂಚನಾ, ಸುಹಾಸಾ,

ಚಂದ್ರಪ್ಪ ಹೆಡ್‌ಮಾಸ್ಟರು ಮಕ್ಕಳ ಜೊತೆ ಮಾತಾಡುವಾಗ ಮಕ್ಕಳ ಮುಖ ನೋಡುತ್ತಿರಲಿಲ್ಲ, ಹಾಜರಿ ಪುಸ್ತಕ ನೋಡುತ್ತಿದ್ದರು. ಹುಡುಗಿಯೊಬ್ಬಳು ಎದುರಿಗೆ ನಿಂತು ಹೊಟ್ಟೆನೋವೆಂದು ಅಳುತ್ತಿದ್ದರೂ ಅವರ ಬೆರಳು ಪುಸ್ತಕದಲ್ಲಿ ಅವಳ ಹೆಸರು ಹುಡುಕುತ್ತಿತ್ತು. ಸಿಕ್ಕಿದ ಮೇಲೆ, "ಮೊನ್ನೆನೂ ರಜೆ ಹಾಕಿದೀಯಲ್ಲೇ" ಎನ್ನುತ್ತಿದ್ದರು. ಅಂಗಿಯ ಜೇಬಿನಲ್ಲಿ ಯಾವಾಗಲೂ ನಾಲ್ಕು ಪೆನ್ನು: ನೀಲಿ, ಕಪ್ಪು, ಕೆಂಪು, ಹಸಿರು.

ಅವರು ತೀರಿಕೊಂಡರೆಂದು ಹೊಸನಗರದ ಬಸ್‌ಸ್ಟ್ಯಾಂಡಿನ ಎದುರು ಫ್ಲೆಕ್ಸ್ ಕಟ್ಟಿದ್ದಾರೆ. ಕಲಿಕೆಗೆ ಹೊಸ ದಾರಿ ತೋರಿದವರು ಎಂದು ಅದರಲ್ಲಿದೆ. ನಿಮ್ಮ ಶಾಲೆಯಲ್ಲೂ ಅವರ ಬಗ್ಗೆ ಹತ್ತು ವಾಕ್ಯ ಬರೆದು ತರಲು ಹೇಳಿದರಂತೆ. ಸಿಂಚನಾ, ನೀನು ಪೆನ್ಸಿಲ್ ಹಿಡಿದು ನನ್ನ ಹತ್ತಿರ ಬಂದೆ, ಅಜ್ಜಿ ಅವರ ಶಾಲೆಯಲ್ಲೇ ಅಡುಗೆ ಮಾಡಿದವಳಲ್ಲವೇ ಎಂದು. ಅಕ್ಷರ ಚೆನ್ನಾಗಿತ್ತು ಎಂದು ಒಂದು ವಾಕ್ಯ ಹೇಳಿಕೊಟ್ಟೆ. ಎರಡನೆಯದು ಕೇಳಿದಾಗ ಹಾಲು ಉಕ್ಕುತ್ತದೆಂದು ಎದ್ದುಹೋದೆ. ನನಗೆ ಬಾಯಿ ಬಿಟ್ಟು ಹೇಳಲು ಮೊದಲಿನಿಂದಲೂ ಬರುವುದಿಲ್ಲ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಬರವಣಿಗೆ ಇದೆ, ಉಳಿದ ಒಂಬತ್ತನ್ನು ಅದರಲ್ಲೇ ಬರೆಯುತ್ತೇನೆ.

ಅಕ್ಷರದ ಮಾತು ಸುಳ್ಳಲ್ಲ. ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದರು. ಸಾಗರದಿಂದ, ತೀರ್ಥಹಳ್ಳಿಯಿಂದ ಮೇಷ್ಟ್ರುಗಳು ವ್ಯಾನು ಮಾಡಿಕೊಂಡು ಅವರ ದಾಖಲೆ ನೋಡಲು ಬರುತ್ತಿದ್ದರು. ಆಫೀಸು ಕೋಣೆಯಲ್ಲಿ ಕೂತು ರಿಜಿಸ್ಟರುಗಳನ್ನು ಒಂದೊಂದಾಗಿ ತಿರುವಿ, ಗೆರೆ ಹೇಗೆ ಎಳೆದಿದ್ದಾರೆಂದು ಬರೆದುಕೊಂಡು, ನಾನು ಮಾಡಿದ ಉಪ್ಪಿಟ್ಟು ತಿಂದು ಹೋಗುತ್ತಿದ್ದರು. ಪಕ್ಕದ ಕೋಣೆಯಲ್ಲಿ ಮಕ್ಕಳಿದ್ದರು. ಮಾದರಿ ಶಾಲೆ ನೋಡಲು ಅಷ್ಟು ದೂರದಿಂದ ಬಂದವರಲ್ಲಿ ಒಬ್ಬರೂ ಆ ಬಾಗಿಲಲ್ಲಿ ಇಣುಕಿದ್ದನ್ನು ನಾನು ಕಾಣಲಿಲ್ಲ. "ಮಗುಗೆ ಗೊತ್ತಿದ್ರೆ ಸಾಲ್ದು ಲಲಿತಮ್ಮ, ಕಾಗದದಲ್ಲಿ ಇರ್ಬೇಕು" ಎಂದು ಹೆಡ್‌ಮಾಸ್ಟರು ನನಗೂ ಹೇಳುತ್ತಿದ್ದರು. ಕಾಗದದಲ್ಲಿದ್ದು ಮಗುವಿಗೆ ಗೊತ್ತಿಲ್ಲದಿದ್ದರೆ ಅವರಿಗೆ ಏನೂ ಅನ್ನಿಸುತ್ತಿರಲಿಲ್ಲ.

ಒಂದು ಸಲ ಓದುವ ದಿನ ಎಂದು ಮಾಡಿದರು. ಬೀರುವಿನಿಂದ ಕಥೆ ಪುಸ್ತಕಗಳನ್ನು ತೆಗೆದು ಮಕ್ಕಳ ಕೈಗೆ ಒಂದೊಂದು ಕೊಟ್ಟು, ಅಂಗಳದಲ್ಲಿ ಸಾಲಾಗಿ ಕೂರಿಸಿ, ಪೇಟೆಯಿಂದ ಕರೆಸಿದವನಿಂದ ಫೋಟೋ ತೆಗೆಸಿದರು. ತೆಗೆದ ಕೂಡಲೇ ಪುಸ್ತಕ ವಾಪಸ್. ನಾಲ್ಕನೇ ಕ್ಲಾಸಿನ ಗೀತಾ ಎಂಬ ಹುಡುಗಿ ಮಾತ್ರ ನಿಜಕ್ಕೂ ಓದಲು ಶುರು ಮಾಡಿಬಿಟ್ಟಿದ್ದಳು. ಹುಲಿಯೊಂದು ಬಾವಿಗೆ ಬಿದ್ದ ಜಾಗಕ್ಕೆ ಬಂದಿದ್ದಳಂತೆ. "ಫೋಟೋ ಆಯ್ತಲ್ಲ, ಕೊಡೇ" ಎಂದು ಕೈಯಿಂದ ಎಳೆದುಕೊಂಡರು. ಹುಲಿ ಮೇಲೆ ಬಂತೋ ಇಲ್ಲವೋ ಎಂದು ಆ ಮಗು ಊಟಕ್ಕೆ ಕೂತಾಗ ನನ್ನನ್ನು ಕೇಳಿತು. ನನಗೇನು ಗೊತ್ತು? ಫೋಟೋ ಪೇಪರಿನಲ್ಲಿ ಬಂತು.

ಇನ್ನೊಂದು ಸಲ ನಗರ ಊರಿನ ಕೋಟೆಗೆ ಪ್ರವಾಸ. ಚಿತ್ರಾನ್ನದ ಪಾತ್ರೆ ಹೊತ್ತು ನಾನೂ ಹೋಗಿದ್ದೆ. ಕೋಟೆ ಬಾಗಿಲಿನ ಬೋರ್ಡಿನ ಎದುರು ಎಲ್ಲರನ್ನೂ ನಿಲ್ಲಿಸಿ, ಅದರಲ್ಲಿದ್ದದ್ದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಲು ಹೇಳಿದರು. ಅದು ಮುಗಿಯುವಷ್ಟರಲ್ಲಿ ಊಟದ ಹೊತ್ತಾಯಿತು. ಆಗ ಐದನೇ ಕ್ಲಾಸಿನಲ್ಲಿದ್ದ ನಿಮ್ಮ ಅಪ್ಪ ಮಂಜು ಸಾಲಿನಿಂದ ಜಾರಿ ಮೇಲೆ ಹತ್ತಿ, ಕೊಳ ನೋಡಿಕೊಂಡು ಏದುಸಿರು ಬಿಡುತ್ತ ಬಂದ. ಅಷ್ಟು ಎತ್ತರದಲ್ಲಿ ನೀರು ಎಲ್ಲಿಂದ ಬಂತು ಸಾರ್ ಎಂದು ಕೇಳಿದ.

"ಬೋರ್ಡಲ್ಲಿ ಇದೆಯಾ ಅದು?"

"ಇಲ್ಲ ಸಾರ್."

"ಬೋರ್ಡಲ್ಲಿ ಇಲ್ದಿದ್ದು ನಿಂಗ್ಯಾಕೋ? ಎಷ್ಟು ಸಾಲು ಬರ್ದಿದೀಯ, ತೋರ್ಸು."

ಅವನು ಎರಡು ಸಾಲು ಬರೆದಿದ್ದ. ಅಲ್ಲಿಗೆ ಅವನು ದಡ್ಡರ ಪಟ್ಟಿಗೆ ಸೇರಿದ.

ಆ ಪಟ್ಟಿಯಿಂದ ಏನು ಮಾಡುತ್ತಾರೆಂದು ನನಗೆ ಗೊತ್ತಾದದ್ದು ಶಾಲೆ ತಪಾಸಣೆಗೆ ಸಾಹೇಬರು ಬಂದಾಗ. ಹಿಂದಿನ ಸಂಜೆ ಮಂಜು ಕುಣಿದುಕೊಂಡು ಮನೆಗೆ ಬಂದಿದ್ದ. ನಾಳೆ ತಾನೂ ಸೇರಿ ಐದು ಜನ ಮಾತ್ರ ಯೂನಿಫಾರ್ಮ್ ಬಿಟ್ಟು ಬಣ್ಣದ ಬಟ್ಟೆಯಲ್ಲಿ ಬರಬೇಕೆಂದು ಹೆಡ್‌ಮಾಸ್ಟರು ಹೇಳಿದ್ದರಂತೆ. ಏನೋ ಬಹುಮಾನವಿರಬೇಕು ಎಂದುಕೊಂಡೆವು. ನಿಮ್ಮ ಅಜ್ಜ ತೀರಿಕೊಳ್ಳುವ ಮುಂಚಿನ ದೀಪಾವಳಿಗೆ ತಂದಿದ್ದ ಹಳದಿ ಅಂಗಿಯನ್ನು ತಂಬಿಗೆಗೆ ಕೆಂಡ ತುಂಬಿ ಇಸ್ತ್ರಿ ಮಾಡಿಕೊಟ್ಟೆ.

ಬೆಳಿಗ್ಗೆ ಆ ಐದು ಮಕ್ಕಳನ್ನು ನನ್ನ ಅಡುಗೆ ಕೋಣೆಗೆ ಅಟ್ಟಿದರು. ಸಾಹೇಬರು ಹೋಗುವ ತನಕ ಇಲ್ಲೇ ಇರಲಿ, ಕ್ಲಾಸಿನಲ್ಲಿ ಕೂತರೆ ಪ್ರಶ್ನೆ ಕೇಳಿದಾಗ ಹೆಸರು ಹಾಳು ಮಾಡುತ್ತಾರೆ ಎಂದರು. ಮೊದಲೆಲ್ಲ ಇಂಥವರಿಗೆ ಮನೆಯಲ್ಲೇ ಇರಿ ಎನ್ನುತ್ತಿದ್ದರು. ಯಾವನೋ ಒಬ್ಬ ಹುಡುಗ ಸಾಹೇಬರ ಜೀಪು ನೋಡಲು ಬಂದು ಸಿಕ್ಕಿಬಿದ್ದ ಮೇಲೆ ಈ ಏರ್ಪಾಡು. ಹಳದಿ ಅಂಗಿಯ ನನ್ನ ಮಗನನ್ನು ನಾನು ನೋಡಿದ್ದನ್ನು ಅವರು ಕಂಡರು.

"ನಿಮ್ಮ ಮಗ ಅಂತ ಭೇದ ಮಾಡ್ಲಿಕ್ಕೆ ಆಗ್ತದಾ ಲಲಿತಮ್ಮ?"

ಇದನ್ನು ಅವರು ನ್ಯಾಯವೆಂದು ನಂಬಿದ್ದರು.

ಚಹಾ ಕೊಡಲು ಹೋದಾಗ ಅವರ ಮೇಜಿನ ಮೇಲೆ ಐದು ರಜೆ ಚೀಟಿ ನೋಡಿದೆ. ಐವರಿಗೂ ಜ್ವರ. ಒಂದು ಓರೆ ಅಕ್ಷರ, ಒಂದು ಗುಂಡು ಅಕ್ಷರ, ಒಂದರಲ್ಲಿ ಬೇಕೆಂದೇ ತಪ್ಪು. ಬಣ್ಣದ ಪೆನ್ನುಗಳಿಗೆ ಅವತ್ತು ಕೆಲಸ ಬಂದಿತ್ತು. ಮಂಜುವಿನ ಚೀಟಿಯ ಕೆಳಗೆ ನನ್ನ ಸಹಿ ಇತ್ತು. ನಾನು ಹಾಕುವುದಕ್ಕಿಂತ ಚೆನ್ನಾಗಿಯೇ ಹಾಕಿದ್ದರು. ಇಷ್ಟು ಬುದ್ಧಿ, ಇಷ್ಟು ಶ್ರಮ! ಅದರ ಅರ್ಧವನ್ನು ಆ ಐದು ಮಕ್ಕಳ ಮುಂದೆ ಕೂತು ಖರ್ಚು ಮಾಡಿದ್ದರೆ ಚೀಟಿಯೇ ಬೇಕಾಗುತ್ತಿರಲಿಲ್ಲ.

ಅಡುಗೆ ಕೋಣೆಯಲ್ಲಿ ಆ ದಡ್ಡರು ಸುಮ್ಮನೆ ಕೂರಲಿಲ್ಲ. ಈರುಳ್ಳಿ ಸುಲಿಯುತ್ತ, ಕಣ್ಣಲ್ಲಿ ಯಾಕೆ ನೀರು ಬರುತ್ತದೆ, ಬೇಳೆ ಯಾಕೆ ಉಕ್ಕುತ್ತದೆ, ಹೊಗೆ ಯಾಕೆ ಕೆಳಗೆ ಹೋಗುವುದಿಲ್ಲ ಎಂದು ನನ್ನ ತಲೆ ತಿಂದರು. ಆ ಶಾಲೆಯ ಕಿಟಕಿಗಳಿಂದ ಅಷ್ಟು ಪ್ರಶ್ನೆ ಹೊರಬಂದದ್ದನ್ನು ನಾನು ಕೇಳಿದ್ದೇ ಇಲ್ಲ. ಗೊತ್ತಿಲ್ಲ ಕಣ್ರೋ ಎಂದೆ. ಮಂಜು ಕೈಯಲ್ಲಿದ್ದ ಈರುಳ್ಳಿ ಹಾಗೇ ಹಿಡಿದು ನನ್ನನ್ನು ನೋಡಿದ.

"ಗೊತ್ತಿಲ್ಲ ಅಂತ ದೊಡ್ಡೋರೂ ಹೇಳ್ಬಹುದಾ ಅಮ್ಮ?"

ಸಾಹೇಬರು ಎಂದಿನಂತೆ ಆಫೀಸಿನಲ್ಲೇ ಊಟ ಮಾಡುತ್ತಾರೆಂದು ಹೆಡ್‌ಮಾಸ್ಟರು ಲೆಕ್ಕ ಹಾಕಿದ್ದರು. ಈ ಸಾಹೇಬರು ಸಾಂಬಾರಿನ ರುಚಿ ನೋಡಬೇಕೆಂದು ತಲೆ ಬಗ್ಗಿಸಿ ಒಳಗೇ ಬಂದುಬಿಟ್ಟರು. ಮಕ್ಕಳು ಗೋಡೆಗೆ ಒತ್ತಿಕೊಂಡು ನಿಂತವು. ಯಾರಿವರು ಎಂದು ಸಾಹೇಬರು ಕೇಳಿದರು. ಹೆಡ್‌ಮಾಸ್ಟರು ಹಿಂದಿನಿಂದ, "ಅಡುಗೆಯವರ ಮಕ್ಕಳು ಸಾರ್. ನಮ್ಮ ಶಾಲೆವಲ್ಲ" ಎಂದರು.

"ಐದೂ ನಿಮ್ಮವೇನಮ್ಮ?"

"ಹೌದು ಸಾರ್."

"ಶಾಲೆಗೆ ಕಳಿಸಲ್ವಾ?"

ಹೆಡ್‌ಮಾಸ್ಟರು ನನ್ನನ್ನೇ ನೋಡುತ್ತಿದ್ದರು. ಈ ಮನುಷ್ಯ ನನ್ನ ಮುಖ ನೆಟ್ಟಗೆ ನೋಡಿದ್ದು ಅದೇ ಮೊದಲು. ಗಂಡ ಹೋಗಿ ಎರಡು ವರ್ಷ, ಕೈಯಲ್ಲಿದ್ದದ್ದು ಆ ಸೌಟೊಂದೇ.

"ಇಲ್ಲ ಸಾರ್" ಎಂದೆ.

ಕಳಿಸಬೇಕು, ಓದು ಬರದಿದ್ದರೆ ನಿಮ್ಮ ಹಾಗೇ ಆಗುತ್ತಾರೆ ಎಂದು ಸಾಹೇಬರು ನನಗೆ ಬುದ್ಧಿ ಹೇಳಿದರು. ಅದಕ್ಕೇ ಮನವೊಲಿಸುತ್ತಾ ಇದ್ದೇನೆ ಎಂದು ಹೆಡ್‌ಮಾಸ್ಟರು ದನಿಗೂಡಿಸಿದರು. ತಪಾಸಣೆಯ ವರದಿಯಲ್ಲಿ, ಶಾಲೆಯಿಂದ ಹೊರಗುಳಿದ ಮಕ್ಕಳನ್ನು ಕರೆತರಲು ಇವರು ಪಡುತ್ತಿರುವ ಶ್ರಮವನ್ನು ಸಾಹೇಬರು ಹೊಗಳಿದರಂತೆ. ನಾನು ಹೇಳಿದ್ದು ಹೀಗೆ ಅವರ ಕಾಗದಕ್ಕೂ ಸೇರಿತು.

ಮಂಜು ಅವತ್ತು ಊಟ ಮಾಡಲಿಲ್ಲ. ಮಾರನೆಯ ದಿನ ಚೀಲ ಕೊಟ್ಟರೆ ಮುಟ್ಟಲಿಲ್ಲ.

"ನಾ ಶಾಲೆ ಹುಡ್ಗ ಅಲ್ಲ ಅಂತ ನೀನೇ ಹೇಳಿದ್ಯಲ್ಲಮ್ಮ."

ಸಿಟ್ಟಿನಿಂದ ಹೇಳಿದ್ದರೆ ಒಂದು ಏಟು ಹಾಕಿ ಕಳಿಸುತ್ತಿದ್ದೆನೋ ಏನೋ. ಅವನು ಸಮಾಧಾನವಾಗಿ ಹೇಳಿದ. ಒಂದು ತಿಂಗಳು ಮನೆಯಲ್ಲೇ ಉಳಿದ. ಆಮೇಲೆ ಹಳ್ಳದಾಚೆಯ ಶಾಲೆಗೆ ಸೇರಿಸಿದೆ. ಹೋದ, ಬಂದ, ಹತ್ತನೆಯದು ಮುಗಿಸಿದ, ತೀರ್ಥಹಳ್ಳಿಯಲ್ಲಿ ಪಂಪ್‌ಸೆಟ್ ರಿಪೇರಿ ಕಲಿತ. ಆದರೆ ಯಾವ ಮೇಷ್ಟ್ರಿಗೂ ಮತ್ತೆ ಒಂದು ಪ್ರಶ್ನೆ ಕೇಳಿದ್ದಿಲ್ಲ. ನಾನು ಅದೇ ಹೆಡ್‌ಮಾಸ್ಟರಿಗೆ, ಅವರನ್ನು ನೋಡಲು ಬಂದವರಿಗೆ, ಇನ್ನೂ ಆರು ವರ್ಷ ಉಪ್ಪಿಟ್ಟು ಮಾಡಿಕೊಟ್ಟೆ.

ಕೊನೆಯ ಸಲ ಅವರನ್ನು ಕಂಡದ್ದು ಹೋದ ವರ್ಷ, ಸಾಗರದ ಬಸ್‌ಸ್ಟ್ಯಾಂಡಿನಲ್ಲಿ. ನಾನು ವರದಹಳ್ಳಿಗೆ ಹೋಗಿ ಬರುತ್ತಿದ್ದೆ. ಅವರೇ ಗುರುತು ಹಿಡಿದು ಪಕ್ಕದಲ್ಲಿ ಕೂತರು. ಈಗ ಮೇಷ್ಟ್ರುಗಳಿಗೆ, ಸೊಸೈಟಿಯವರಿಗೆ, ಆಸ್ಪತ್ರೆಯವರಿಗೆಲ್ಲ ತರಬೇತಿ ಕೊಡುತ್ತಿದ್ದರಂತೆ. ಕಲಿಕೆ ಅಂದರೆ ಏನು, ಜ್ಞಾನ ಅಂದರೆ ಏನು ಎಂದು. ಮಕ್ಕಳು ಪ್ರಶ್ನೆ ಕೇಳಬೇಕು, ಹಳೇ ಕ್ರಮ ಬಿಡಬೇಕು ಎಂದು ಹೇಳಿದರೆ ಜನ ಚಪ್ಪಾಳೆ ಹೊಡೆಯುತ್ತಾರಂತೆ. ಎಲ್ಲವನ್ನೂ ಒಂದು ಫೈಲಿನಲ್ಲಿ ಬರೆದಿಟ್ಟುಕೊಂಡಿದ್ದರು, ತೆಗೆದು ತೋರಿಸಿದರು. ಅಕ್ಷರ ಹಾಗೇ ಇತ್ತು. ಆಮೇಲೆ ದನಿ ತಗ್ಗಿಸಿದರು.

"ಅವತ್ತು ನೀವು ನನ್ನ ಮಾನ ಉಳಿಸಿದ್ರಿ ಲಲಿತಮ್ಮ. ಹಂಗೆ ನಂಬಿಕಸ್ಥರು ಈಗ ಎಲ್ಲಿ ಸಿಗ್ತಾರೆ."

ಅವರು ಕೈ ಮುಗಿದರು. ನಿಜವಾದ ಕೃತಜ್ಞತೆ, ಅದರಲ್ಲಿ ನಾಟಕ ಇರಲಿಲ್ಲ. ನನ್ನ ಮಗ ಏನಾದ ಎಂದು ಮಾತ್ರ ಕೇಳಲಿಲ್ಲ. ನಮ್ಮೂರಿನದಲ್ಲದ ಬಸ್ಸು ಬಂದಾಗ ನಮ್ಮ ಬಸ್ಸು ಬಂತೆಂದು ಹೇಳಿ ನಾನು ಎದ್ದುಹೋದೆ. ಅವರನ್ನು ನಾನು ಮನುಷ್ಯರ ಲೆಕ್ಕಕ್ಕೆ ಇಟ್ಟಿಲ್ಲ. ಅವರಿಂದ ಕೈ ಮುಗಿಸಿಕೊಂಡ ಹೆಂಗಸನ್ನೂ ಅಷ್ಟೇ.

ನಿಮ್ಮ ಶಾಲೆಯ ಪೋಷಕರ ಸಭೆಗೆ ಅಮ್ಮ ಒಳಗೆ ಬರುತ್ತಾಳೆ, ಅಪ್ಪ ಗೇಟಿನ ಹೊರಗೆ ಬೈಕಿನ ಮೇಲೆ ಕೂತಿರುತ್ತಾನೆ. ಅಂಗಡಿಯಿಂದ ಫೋನು ಬರುತ್ತದೆ, ಅದಕ್ಕೇ ಎನ್ನುತ್ತಾನೆ. ಫೋನಿಗೆ ಅಲ್ಲ. ಅವನನ್ನು ಹೊರಗೆ ಹಾಕಿದ್ದು ನನ್ನ ಬಾಯಿಂದ ಬಂದ ಎರಡು ಮಾತು. ತಪ್ಪಾಯಿತು ಎಂದು ಇಷ್ಟು ವರ್ಷದಲ್ಲಿ ಒಮ್ಮೆಯೂ ಹೇಳಲಾಗಲಿಲ್ಲ. ಅವನ ಎದುರು ನಿಂತರೆ ಊಟಕ್ಕೆ ಏಳೋ ಎಂದಷ್ಟೇ ಬರುತ್ತದೆ.

ಮಕ್ಕಳೇ, ಈ ಹಾಳೆಗಳನ್ನು ಯಾವ ಮೇಷ್ಟ್ರಿಗೂ ತೋರಿಸಬೇಡಿ. ಅಪ್ಪ ಒಬ್ಬನೇ ಇರುವಾಗ ಕೊಟ್ಟು ಬನ್ನಿ, ಓದಿ ಮುಗಿಸುವ ತನಕ ಹತ್ತಿರ ನಿಲ್ಲಬೇಡಿ. ಅವನು ಹರಿದು ಒಲೆಗೆ ಹಾಕಿದರೆ ಹಾಕಲಿ. ವಾಪಸ್ ಕೊಟ್ಟರೆ ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಿ.