ಬೆರಳು ಮುಂದೆ, ಸ್ವರ ಹಿಂದೆ

ನನ್ನ ಬಲಗೈ ಇನ್ನು ಕೆಲಸಕ್ಕೆ ಬಾರದು ಅಂತ ಹೋದ ವಾರ ತೀರ್ಮಾನ ಮಾಡಿಬಿಟ್ಟಿದ್ದೆ.

ಗಾಬರಿಯಾಗಬೇಡಿ. (ಇದನ್ನು ಬರೆಯುತ್ತಿರುವುದೂ ಅದೇ ಕೈ.) ಹುಳಿಯಾರು ರಸ್ತೆಯಲ್ಲಿ ಸ್ಕೂಟರ್ ಜಾರಿ ಮಣಿಕಟ್ಟು ಮುರಿದುಕೊಂಡ ಕತೆ ನಿಮಗೆ ಗೊತ್ತೇ ಇದೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ಹಾರ್ಮೋನಿಯಂ ಒತ್ತಲು ಬೆರಳಲ್ಲಿ ಬಲವಿರಲಿಲ್ಲ. ಇಪ್ಪತ್ತು ವರ್ಷದಿಂದ ಭಜನೆಗೆ ನುಡಿಸಿದವನು ಸುಮ್ಮನೆ ಕೂರುವುದು ಹೇಗೆ? ಮೆತ್ತಗೆ ಒತ್ತಿದರೂ ಸಾಕು ಅಂತ ಯಾರೋ ಹೇಳಿದ್ದಕ್ಕೆ ಮಿಡಿ ಕೀಬೋರ್ಡ್ ತಂದೆ. ಅದಕ್ಕೆ ಸ್ವಂತ ದನಿಯಿಲ್ಲ. ನಾವು ಒತ್ತಿದ್ದನ್ನು ಕಂಪ್ಯೂಟರಿಗೆ ತಿಳಿಸುತ್ತದೆ, ಹಾಡುವುದು ಕಂಪ್ಯೂಟರ್.

ಕೂತೆ. ಒತ್ತಿದೆ. ಸ್ವರ ತಡವಾಗಿ ಬಂತು. ಬೇಗ ಒತ್ತಿದೆ, ತಾಳ ತಪ್ಪಿತು. ಸ್ವರಕ್ಕೆ ಕಾದು ಒತ್ತಿದೆ, ಇನ್ನೂ ಕೆಟ್ಟಿತು. ಎಂಟು ದಿನ ಇದೇ ಗೋಳು. ಕೊನೆಗೆ ಭಜನೆಯವರಿಗೆ ‘ಬೇರೆ ಯಾರನ್ನಾದ್ರೂ ನೋಡ್ಕಳಿ’ ಅಂತ ಹೇಳಿ ಕಳಿಸಿದೆ. ಆವತ್ತು ಊಟ ಸೇರಲಿಲ್ಲ.

ಮರುದಿನ ಕೊಬ್ಬರಿಯಾಗಲೆಂದು ಅಟ್ಟದಲ್ಲಿ ಹಾಕಿಟ್ಟಿದ್ದ ನಮ್ಮ ತೆಂಗಿನಕಾಯಿ ನೋಡಲು ಹೊನ್ನವಳ್ಳಿಯ ಪುಟ್ಟಕ್ಕ ಬಂದರು. ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ನೀರು ಇಂಗಿದೆಯೋ, ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಹೇಳುವವರು. ಕಾಫಿಗೆ ಕೆಳಗಿಳಿದವರು ನಾನು ನುಡಿಸುವುದನ್ನು ಕೇಳುತ್ತಾ ಬಾಗಿಲಲ್ಲೇ ನಿಂತರು.

‘ನಿನ್ ಬೆರಳು ಬಿದ್ದಾಗ ಟಕ್ ಅಂತೈತೆ. ಆಮ್ಯಾಕೆ ಸ್ವರ ಬತ್ತೈತೆ. ಟಕ್ಕು ತಾಳಕ್ಕೆ ಸರಿಯಾಗೇ ಬೀಳ್ತೈತೆ ಕಣಪ್ಪ. ಕೈದೇನೂ ತಪ್ಪಿಲ್ಲ ಬುಡು, ಆ ಡಬ್ಬನೇ ಸೋಮಾರಿ!’

ನಂಬಿಕೆ ಬರಲಿಲ್ಲ. ಸ್ಪೀಕರ್ ಆರಿಸಿ ನುಡಿಸಿದೆ. ಬರೀ ಟಕ್ ಟಕ್. ಪುಟ್ಟಕ್ಕ ತೊಡೆ ತಟ್ಟುತ್ತಾ ತಾಳ ಹಾಕಿದರು. ಒಂದೇ ಒಂದು ಪೆಟ್ಟೂ ತಪ್ಪಲಿಲ್ಲ.

ಕಂಪ್ಯೂಟರ್ ಜೋಡಿಸಿಕೊಟ್ಟ ತಿಪಟೂರಿನ ಮಂಜುಗೆ ಫೋನ್ ಮಾಡಿದೆ. ‘ಬಫರ್ ಜಾಸ್ತಿ ಇರ್ಬೇಕು ಸಾರ್. ಸದ್ದನ್ನ ಕೂಡಿಟ್ಕಂಡು ಆಮೇಲೆ ಬಿಡ್ತದೆ. ಕಮ್ಮಿ ಮಾಡಿ’ ಅಂದ. ಎಲ್ಲಿ ಕ್ಲಿಕ್ ಮಾಡಬೇಕೆಂದು ತಾಳ್ಮೆಯಿಂದ ಹೇಳಿಕೊಟ್ಟ, ಪುಣ್ಯಾತ್ಮ. ಸ್ಪೀಕರ್ ಮತ್ತೆ ಹಾಕಿ ತೀರಾ ಕಮ್ಮಿ ಮಾಡಿದೆ, ಸದ್ದು ಪಟಪಟ ಸಿಡಿಯಿತು. ಒಂಚೂರು ಏರಿಸಿ ಮತ್ತೆ ಒತ್ತಿದೆ.

ಬೆರಳು ಬಿದ್ದ ಕ್ಷಣಕ್ಕೇ ಸ್ವರ!

ಕಣ್ಣು ತುಂಬಿ ಬಂತು, ನಾಚಿಕೆಯೇನಿಲ್ಲ. ಪುಟ್ಟಕ್ಕನಿಗೆ ಕೈ ಮುಗಿದೆ. ‘ಅಯ್ಯ, ಇದ್ಯಾವ್ ದೊಡ್ಡ ವಿದ್ಯೆ ಅಂತ ಕೈ ಮುಗಿತೀಯ, ಕಾಫಿ ಕೊಡ್ಸು’ ಅಂದರು. ಲೋಟ ಅವರ ಕೈಗೆ ಕೊಟ್ಟು, ಶನಿವಾರ ನಾನೇ ಬರುತ್ತೇನೆಂದು ಭಜನೆಯವರಿಗೆ ಹೇಳಿ ಕಳಿಸಿದೆ.

ಎಂಟು ದಿನ ನನ್ನ ಕೈಯನ್ನೇ ಶಪಿಸಿದೆನಲ್ಲ, ಒಂದು ಸಲವಾದರೂ ಕಂಪ್ಯೂಟರನ್ನು ಅನುಮಾನಿಸುವ ಧೈರ್ಯ ನನಗೇಕೆ ಬರಲಿಲ್ಲ?